ರೈಫಲ್ಲಿನ ಗುಲಾಬಿ ಹಿಡಿ

ಜೂನ್ ತಿಂಗಳ ಒಂದು ಶನಿವಾರ ಕೋಚ್ ನಮ್ಮ ಮನೆಗೆ ಬಂದರು. ಹಳೆಯ ಟವೆಲಿನಲ್ಲಿ ಏನನ್ನೋ ಸುತ್ತಿ ತಂದಿದ್ದರು. ಟೇಬಲ್ಲಿನ ಮೇಲೆ ಇಟ್ಟರು, ಬಿಚ್ಚಲಿಲ್ಲ. ಉದ್ದ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದು ನನ್ನ ಮಗಳ ರೈಫಲ್ಲಿನ ಮರದ ಭಾಗ. ಬ್ಯಾರಲ್ಲು, ಬೋಲ್ಟು ಅವರ ಮನೆಯಲ್ಲಿ ಬೀಗದೊಳಗಿದ್ದವು. ಬಂದೂಕಿನ ಲೈಸೆನ್ಸ್ ಇರುವುದು ಅವರಿಗೆ, ನನಗಲ್ಲ.

ಮಗಳು ಬಯಾಥ್ಲಾನ್ ಓಟಗಾರ್ತಿ. ಬೆನ್ನಿಗೆ ರೈಫಲ್ ಹಾಕಿಕೊಂಡು ಹಿಮದ ಮೇಲೆ ಸ್ಕೀಯಲ್ಲಿ ಓಡಬೇಕು, ಏದುಸಿರು ಬಿಡುತ್ತಲೇ ಐವತ್ತು ಮೀಟರ್ ದೂರದ ಐದು ಗುರಿಗಳಿಗೆ ಐದು ಗುಂಡು ಹೊಡೆಯಬೇಕು, ಮತ್ತೆ ಓಡಬೇಕು. ಒಮ್ಮೆ ಮಲಗಿ ಹೊಡೆಯುವುದು, ಇನ್ನೊಮ್ಮೆ ನಿಂತು. ತಪ್ಪಿದ ಒಂದೊಂದು ಗುಂಡಿಗೂ ದಂಡವಾಗಿ ಒಂದು ಸಣ್ಣ ಸುತ್ತು ಹೆಚ್ಚು ಓಡಬೇಕು. ಫೆಬ್ರವರಿಯಲ್ಲಿ (ಭೂಮಿಯ ಈ ದಕ್ಷಿಣದ ತುದಿಯಲ್ಲಿ ಆಗ ಬೇಸಿಗೆ, ಜೂನ್‌ನಿಂದ ಚಳಿಗಾಲ), ಬೇಸಿಗೆಯ ತರಬೇತಿ ಮುಗಿಸಿ ಮನೆಗೆ ಬರುವಾಗ ರಸ್ತೆ ಅಪಘಾತದಲ್ಲಿ ಹೋದಳು. ಹತ್ತೊಂಬತ್ತು ವರ್ಷ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

"ರೈಫಲ್ ಕ್ಲಬ್ಬಿನದು ಅಂತ ನಿಮಗೆ ಗೊತ್ತಲ್ಲ," ಎಂದರು ಕೋಚ್. ಅವರು ಅರವತ್ತು ದಾಟಿದ ಮನುಷ್ಯ, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವವರು. "ಹುಡುಗಿಗೆ ಹಳೆಯ ರೈಫಲ್ ಗಿಡ್ಡ ಆಗಿದೆ. ನಮ್ಮ ಹತ್ತಿರ ಬೇರೆ ಇಲ್ಲ. ನೀವು ಬೇಡ ಅಂದರೆ ನಾನು ಒತ್ತಾಯ ಮಾಡಲ್ಲ."

ಹುಡುಗಿ ಯಾರೆಂದು ಹೇಳಬೇಕಾಗಿರಲಿಲ್ಲ. ಹದಿನೇಳರವಳು, ರಾನ್‌ಫರ್ಲಿ ಊರಿನ ಆಚೆ ಕುರಿ ಸಾಕುವವರ ಮನೆಯವಳು. ನನ್ನ ಮಗಳ ಹಿಂದೆಯೇ ಓಡುತ್ತ ಕಲಿತವಳು. ನಾನು ಬೇಲಿಯ ಬಳಿ ನಿಂತು ಮಗಳಿಗೆ "ಲಗೂ, ಲಗೂ" ಎಂದು ಕೂಗುವುದನ್ನು ಕೇಳಿ ಕೇಳಿ, ಕುರಿ ಅಟ್ಟುವಾಗ ತನ್ನ ನಾಯಿಗೂ ಹಾಗೇ ಕೂಗುತ್ತಾಳಂತೆ. ನನ್ನನ್ನು ಆಂಟಿ ಎನ್ನುತ್ತಿದ್ದಳು. ಅದೂ ಮಗಳಿಂದ ಬಂದದ್ದು.

"ಈ ಚಳಿಗಾಲದಲ್ಲಿ ಎರಡು ರೇಸ್ ಇದೆ," ಎಂದರು ಕೋಚ್. "ಯಾವುದಾದರೂ ಒಂದರಲ್ಲಿ ಹತ್ತಕ್ಕೆ ಏಳಾದರೂ ಬೀಳಿಸಿದರೆ ಯುರೋಪಿಗೆ ಹೋಗುವ ತಂಡದಲ್ಲಿ ಅವಳ ಹೆಸರು ಕೊಡುತ್ತೇನೆ. ಓಟ ಚೆನ್ನಾಗಿದೆ. ಗುರಿ ಬೇಕು. ಅದಕ್ಕೆ ರೈಫಲ್ ಅವಳ ಮೈಗೆ ಕೂರಬೇಕು."

ಮಾಡಿಕೊಡುತ್ತೇನೆ ಎಂದೆ.

ನಾನು ಅಲೆಕ್ಸಾಂಡ್ರ ಊರಿನ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುತ್ತೇನೆ. ಹುಬ್ಬಳ್ಳಿಯಲ್ಲಿ ಪಿಯುಸಿ ಆದ ಮೇಲೆ ಕಲಿತ ಕೆಲಸ, ಇಲ್ಲಿಯೂ ಅದೇ. ರೈಫಲ್ಲಿನ ಹಿಡಿ ಮಾಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮೂರು ವರ್ಷದ ಹಿಂದೆ ಮಗಳು "ಅವ್ವಾ, ಇಟ್ಸ್ ಸ್ಲಿಪ್ಪಿಂಗ್" ಎಂದು ದಿನಾ ಅಂದದ್ದಕ್ಕೆ, ಬಾಯಿಯ ಅಚ್ಚು ತೆಗೆಯುವ ಪುಟ್ಟಿಯನ್ನು ಲ್ಯಾಬಿನಿಂದ ತಂದೆ. ಅಡಿಗೆಮನೆಯ ಟೇಬಲ್ಲಿನ ಹತ್ತಿರ ಅವಳನ್ನು ಕೂರಿಸಿ, ಮರದ ಹಿಡಿಗೆ ಪುಟ್ಟಿ ಸುತ್ತಿ, ನಾಲ್ಕು ನಿಮಿಷ ಹಿಡಿದುಕೋ ಎಂದೆ. ಅವಳು ಇನ್ನೊಂದು ಕೈಯಲ್ಲಿ ಬಾಳೆಹಣ್ಣು ತಿನ್ನುತ್ತ ಹಿಡಿದುಕೊಂಡಿದ್ದಳು. ಆಮೇಲೆ ಹಲ್ಲಿನ ಸೆಟ್ಟಿಗೆ ಮಾಡುವಂತೆಯೇ ಪ್ಲಾಸ್ಟರಿನಲ್ಲಿ ಅಚ್ಚು ಮಾಡಿ, ಅದರೊಳಗೆ ಅಕ್ರಿಲಿಕ್ ಒತ್ತಿ, ಬಿಸಿನೀರಿನಲ್ಲಿ ಬೇಯಿಸಿದೆ. ಬೆಂದ ಮೇಲೆ ಪ್ಲಾಸ್ಟರನ್ನು ಒಡೆದೇ ಹೊರಗೆ ತೆಗೆಯಬೇಕು. ಒಂದು ಅಚ್ಚಿನಿಂದ ಒಂದೇ ತುಂಡು. ಆಗ ಲ್ಯಾಬಿನಲ್ಲಿ ಒಸಡಿನ ಬಣ್ಣದ ಅಕ್ರಿಲಿಕ್ ಬಿಟ್ಟು ಬೇರೆ ಇರಲಿಲ್ಲ. ಹಾಗಾಗಿ ಹಿಡಿ ಗುಲಾಬಿ ಬಣ್ಣದ್ದಾಯಿತು. "ನಿನ್ನ ರೈಫಲ್ಲಿಗೆ ಹಲ್ಲು ಯಾವಾಗ ಬರುತ್ತೆ?" ಎಂದು ತಂಡದವರು ಕಾಡಿಸಿದರು. ಬಣ್ಣ ಬಳಿದುಕೊಡುತ್ತೇನೆಂದರೆ ಮಗಳು ಬೇಡವೆಂದಳು.

ಟವೆಲ್ ಬಿಚ್ಚಿದ್ದು ಸೋಮವಾರ, ಲ್ಯಾಬಿನಲ್ಲಿ, ಊಟದ ಹೊತ್ತಿನಲ್ಲಿ. ಹೆಬ್ಬೆರಳು ಕೂರುವ ಗುಳಿ, ಬೆರಳುಗಳ ನಾಲ್ಕು ಓರೆ ಕಾಲುವೆ. ನನ್ನ ಕೈ ಅದರಲ್ಲಿ ಕೂರುವುದಿಲ್ಲ, ಅವಳ ಬೆರಳು ಅಪ್ಪನ ಹಾಗೆ ಉದ್ದ. ಆದರೂ ಇಟ್ಟು ನೋಡಿದೆ.

ಹುಡುಗಿಯ ಕೈ ಬೇರೆ ತರಹ. ಅಗಲ ಅಂಗೈ, ಗಿಡ್ಡ ಬೆರಳು, ಉಣ್ಣೆ ಕತ್ತರಿಸುವ ಮನೆಯ ಕೈ. ಸರಿಯಾದ ದಾರಿ ಎಂದರೆ ಹಳೆಯ ಹಿಡಿಯನ್ನು ಪೂರ್ತಿ ತೆಗೆದು ಮರದಿಂದ ಮತ್ತೆ ಶುರುಮಾಡುವುದು. ನಾನು ಹಾಗೆ ಮಾಡಲಿಲ್ಲ. ನಮ್ಮ ಕೆಲಸದಲ್ಲಿ ರಿಲೈನ್ ಎಂದು ಒಂದಿದೆ. ಒಸಡು ಕರಗಿ ಸೆಟ್ಟು ಸಡಿಲವಾದ ಮುದುಕರಿಗೆ ಹೊಸ ಸೆಟ್ಟು ಮಾಡುವುದಿಲ್ಲ, ಹಳೆಯದರ ಒಳಗೇ ಹೊಸ ಪದರ ಕೊಡುತ್ತೇವೆ. ಇದನ್ನೂ ಹಾಗೆ ಮಾಡೋಣ ಎಂದುಕೊಂಡೆ. ಮೇಲೆ ಹುಡುಗಿಯ ಕೈ, ಒಳಗೆ ಮಗಳ ಕೈ. ಯಾವುದನ್ನೂ ತೆಗೆಯಬೇಕಾಗಿಲ್ಲ. ಎರಡು ನೂರು ಸೆಟ್ಟುಗಳಿಗಾದರೂ ಮಾಡಿದ ಕೆಲಸ. ಕೈ ತಾನಾಗಿ ನಡೆಯಿತು. ಹಳೆಯ ಮೇಲ್ಮೈಯನ್ನು ಬರ್ ಎಂಬ ತಿರುಗುವ ಸಣ್ಣ ಅರ ಹಿಡಿದು ಒರಟು ಮಾಡಿದೆ, ಹುಡುಗಿಯ ಅಚ್ಚು ತೆಗೆದೆ, ಸಂದು ಕಂಡಲ್ಲೆಲ್ಲ ತುಂಬಿದೆ, ಬೇಯಿಸಿದೆ, ತಿಕ್ಕಿದೆ. ಅದೇ ಗುಲಾಬಿ ಬಣ್ಣ. ಹೊಸದು ಎಲ್ಲಿ, ಹಳೆಯದು ಎಲ್ಲಿ ಎಂದು ನನಗೇ ಕಾಣದಷ್ಟು ಚೆನ್ನಾಗಿ ಬೆಸೆದಿತ್ತು.

ಕೆನ್ನೆ ಒರಗಿಸುವ ಮರದ ದಿಂಬಿಗೆ ನೀಲಿ ಕಾಗದ ಉಪಯೋಗಿಸಿದೆ. ಹಲ್ಲು ತುಂಬಿಸಿದ ಮೇಲೆ ಡಾಕ್ಟರು ಬಾಯೊಳಗಿಟ್ಟು ಕಚ್ಚಿ ಎನ್ನುವರಲ್ಲ, ಅದೇ ಕಾಗದ. ಎಲ್ಲಿ ಹೆಚ್ಚು ಒತ್ತುತ್ತದೋ ಅಲ್ಲಿ ನೀಲಿ ಗುರುತು ಬೀಳುತ್ತದೆ. ಜುಲೈನಲ್ಲಿ ಕಾರ್ಡ್ರೋನಾ ಬೆಟ್ಟದ ಮೇಲಿನ ಸ್ಕೀ ಮೈದಾನದಲ್ಲಿ ಕೋಚ್ ರೈಫಲ್ ಜೋಡಿಸಿ, ಖಾಲಿ ಇದೆಯೆಂದು ಎರಡು ಸಲ ನೋಡಿ ಹುಡುಗಿಯ ಕೈಗೆ ಕೊಟ್ಟರು. ಅವಳು ಕೆನ್ನೆ ಇಟ್ಟು ತೆಗೆದಳು. ನಾನು ನೀಲಿ ಬಿದ್ದಲ್ಲಿ ಅರದಿಂದ ತಿಕ್ಕಿದೆ. ಹೀಗೆ ಹನ್ನೊಂದು ಸಲ.

"ಆಂಟಿ, ನನ್ನ ಮುಖ ಹೇಗಿದೆ?"

"ಯಾರೋ ಹೊಡೆದ ಹಾಗಿದೆ."

"ನಮ್ಮಮ್ಮ ಕೇಳಿದರೆ ನೀವೇ ಅಂತ ಹೇಳ್ತೀನಿ."

ಹಿಡಿ ಹೇಗಿದೆ ಎಂದು ಕೇಳಿದೆ. "ಪರ್ಫೆಕ್ಟ್," ಎಂದಳು. ಕೋಚ್ ಬೇರೆ ಕಡೆ ನೋಡುತ್ತಿದ್ದರು.

ಆ ತಿಂಗಳೆಲ್ಲ ಶನಿವಾರ ಭಾನುವಾರ ನಾನು ಮೇಲೆ ಹೋಗುತ್ತಿದ್ದೆ. ಮನೆಯಿಂದ ಒಂದೂವರೆ ತಾಸು, ಕೊನೆಗೆ ಜಲ್ಲಿ ರಸ್ತೆಯ ಏರು. ಮಗಳಿದ್ದಾಗ ಮಾಡುತ್ತಿದ್ದ ಕೆಲಸಗಳನ್ನೇ ಮಾಡಿದೆ. ಗುಂಡು ತಗುಲಿ ಬಿದ್ದು ಬಿಳಿಯಾದ ಗುರಿಗಳನ್ನು ಹಗ್ಗ ಎಳೆದು ಮತ್ತೆ ಕಪ್ಪಾಗಿ ನಿಲ್ಲಿಸುವುದು, ಖಾಲಿ ತೋಟಾ ಗುಡಿಸುವುದು. ಹುಡುಗಿ ಗುರಿಯ ಕಡೆ ತಿರುಗಿ ನಿಂತಾಗ ಹಿಂದಿನಿಂದ ಕಾಣುವುದು ಬೆನ್ನು, ಟೊಪ್ಪಿಗೆ, ಬಲಗೈಯಲ್ಲಿ ಒಂದಿಷ್ಟು ಗುಲಾಬಿ. ನಾನು ಕಣ್ಣನ್ನು ಸ್ವಲ್ಪ ಕಿರಿದು ಮಾಡಿಕೊಂಡು ನಿಲ್ಲುತ್ತಿದ್ದೆ. ಐದು ಗುಂಡು ಮುಗಿಯುವವರೆಗೆ, ಮೂವತ್ತು ಸೆಕೆಂಡು, ನನಗೆ ಬೇಕಾದವಳು ಅಲ್ಲಿರುತ್ತಿದ್ದಳು. ಅದಕ್ಕಾಗಿಯೇ ಒಂದೂವರೆ ತಾಸು ಗಾಡಿ ಓಡಿಸುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲ ರೇಸ್ ಆಗಸ್ಟಿನಲ್ಲಿ ನಡೆಯಿತು. ಮಲಗಿ ಹೊಡೆದಾಗ ಐದಕ್ಕೆ ನಾಲ್ಕು. ಮಲಗಿದಾಗ ಮೊಣಕೈ ನೆಲಕ್ಕಿರುತ್ತದೆ, ತೋಳಿಗೆ ಪಟ್ಟಿ ಬಿಗಿದಿರುತ್ತದೆ, ಹಿಡಿಯ ತಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ. ನಿಂತು ಹೊಡೆದಾಗ ಬಿದ್ದದ್ದು ಒಂದೇ. ದಂಡದ ಸುತ್ತನ್ನು ಅವಳು ನಾಲ್ಕು ಸಲ ಸುತ್ತಿದಳು. ಆ ಹೊತ್ತಿಗೆ ಹಿಂದಿದ್ದವರೆಲ್ಲ ಅವಳನ್ನು ದಾಟಿ ಗುಡ್ಡದ ಆಚೆ ಹೋಗಿದ್ದರು.

ಹುಡುಗಿ ಮುಗಿಸಿ ಬಂದವಳು ಹಿಮದ ಮೇಲೆ ಬಿದ್ದುಕೊಂಡಳು. ಎದ್ದ ಮೇಲೆ ಮೊದಲು ಮಾತಾಡಿಸಿದ್ದು ನನ್ನನ್ನೇ. "ಗಾಳಿ ಬಂತು ಆಂಟಿ. ಆಮೇಲೆ ನನ್ನದೇ ಆತುರ."

ಕೋಚ್ ದುರ್ಬೀನಿನಲ್ಲಿ ನೋಡಿ ಒಂದೊಂದು ಗುಂಡನ್ನೂ ಕಾರ್ಡಿನಲ್ಲಿ ಗುರುತಿಸಿದ್ದರು. ನಿಂತು ಹೊಡೆದಾಗ ತಪ್ಪಿದ ನಾಲ್ಕೂ ಎಡಕ್ಕೆ ಹೋಗಿದ್ದವು. ನಾನು ಕಾರ್ಡ್ ನೋಡಿದೆ. "ಗಾಳಿ," ಎಂದು ನಾನೂ ಅಂದೆ.

ಅದಾದ ಮೇಲೆ ತರಬೇತಿಯಲ್ಲಿ ಅವಳ ಗುರಿ ಸುಧಾರಿಸಿತು. ನಿಂತು ಹೊಡೆದಾಗ ಮೂರು, ಕೆಲವೊಮ್ಮೆ ನಾಲ್ಕು ಬೀಳುತ್ತಿದ್ದವು. ಹಿಡಿ ಅವಳಿಗೆ ಒಗ್ಗುತ್ತಿದೆ ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಎರಡನೆಯ ರೇಸಿಗೆ ಎರಡು ವಾರ ಇರುವಾಗ ಒಂದು ಭಾನುವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಗಾಳಿ ತಿಳಿಯಲೆಂದು ಗುರಿಗಳ ನಡುವೆ ಸಣ್ಣ ಬಾವುಟಗಳನ್ನು ನೆಟ್ಟಿರುತ್ತಾರೆ. ಆ ಬೆಳಿಗ್ಗೆ ಅವು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಹುಡುಗಿ ಓಡಿ ಬಂದಳು, ಸ್ಕೀ ಕೋಲುಗಳನ್ನು ಬಿಟ್ಟಳು, ರೈಫಲ್ ಇಳಿಸಿದಳು. ಹೆಗಲಿಗಿಡುವ ಮೊದಲು ಗುರಿ ನೋಡುವ ಹಿಂದಿನ ಸೈಟಿನ ತಿರುಪನ್ನು ಬೇಗ ಬೇಗ ತಿರುಗಿಸಿದಳು. ಆರು ಕ್ಲಿಕ್. ಐದು ಗುಂಡು ಹೊಡೆದ ಮೇಲೆ ಅದನ್ನು ಮತ್ತೆ ಹಿಂದಕ್ಕೆ ತಿರುಗಿಸಿದಳು, ಆರು ಕ್ಲಿಕ್. ಗಾಳಿ ಬಂದಾಗ ಹಾಗೆ ಮಾಡುತ್ತಾರೆ.

ಅವಳು ಹತ್ತಿರ ಬಂದಾಗ ಕೇಳಿದೆ. "ಗಾಳಿಯೇ ಇಲ್ಲವಲ್ಲ. ಯಾಕೆ ತಿರುಗಿಸಿದೆ?"

"ಅಭ್ಯಾಸ."

"ಬಲಕ್ಕೆ ಆರು ಕ್ಲಿಕ್ ಅಭ್ಯಾಸವಾ?"

ಅವಳು ಕೈಗವಸಿನ ಅಂಚಿನಿಂದ ಮೂಗು ಒರೆಸಿಕೊಂಡಳು.

ನಾನು ಕೋಚ್‌ರನ್ನು ಕರೆದು ರೈಫಲ್ ಖಾಲಿ ಮಾಡಿಸಿದೆ. ನೀಲಿ ಕಾಗದದ ಸಣ್ಣ ತುಂಡನ್ನು ಟ್ರಿಗರಿಗೆ ಸುತ್ತಿ, ನಿಂತು ಐದು ಸಲ ಒತ್ತು ಎಂದೆ. ಅವಳ ತೋರುಬೆರಳು ನೋಡಿದೆ. ನೀಲಿ ಬೆರಳಿನ ಮೆತ್ತನೆಯ ಭಾಗದಲ್ಲಿರಬೇಕಿತ್ತು, ಆದರೆ ಉಗುರಿನ ಅಂಚಿನಲ್ಲಿತ್ತು. ನಾನು ಹಾಕಿದ ಪದರದಿಂದ ಹಿಡಿ ದಪ್ಪವಾಗಿ, ಟ್ರಿಗರ್ ಅವಳ ಗಿಡ್ಡ ಬೆರಳಿಗೆ ದೂರವಾಗಿತ್ತು. ತುದಿಬೆರಳಿನಿಂದ ಎಳೆದಾಗಲೆಲ್ಲ ರೈಫಲ್ ಎಡಕ್ಕೆ ಸರಿಯುತ್ತಿತ್ತು. ಅದನ್ನು ಮುಚ್ಚಲು ಅವಳು ಸೈಟನ್ನೇ ಬಲಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ.

"ಯಾವಾಗಿನಿಂದ?"

"ರೇಸ್ ಆದ ಮೇಲಿನಿಂದ."

"ನನಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ ಆಂಟಿ?" ಅವಳ ದನಿ ಏರಿತು. "ಒಳಗೆ ಅವಳ ಹಿಡಿ ಇದೆ. ಅದನ್ನು ತೆಗೆದುಹಾಕಿ ಅಂತ ನಿಮಗೆ ನಾನು ಹೇಗೆ ಹೇಳಲಿ? ನೀವು ಬಂದು ಹಿಂದೆ ನಿಂತ್ಕೋತೀರಿ. ನಿಮ್ಮ ಮುಖ ನೋಡಿದರೆ ಯಾರಿಗೂ ಏನೂ ಹೇಳೋಕಾಗಲ್ಲ. ಇವರಿಗೂ ಆಗಲ್ಲ."

ಕೋಚ್ ಗಂಟಲು ಸರಿಮಾಡಿಕೊಂಡರು. ಅಷ್ಟೇ.

ಲ್ಯಾಬಿನಲ್ಲಿಯೂ ಹಾಗೇ ಆಗಿತ್ತೆಂದು ನನಗೆ ಆಗ ಹೊಳೆಯಿತು. ಫೆಬ್ರವರಿಯಿಂದ ನಾನು ಮಾಡಿದ ಒಂದು ಸೆಟ್ಟೂ ವಾಪಸ್ ಬಂದಿರಲಿಲ್ಲ. ನಾನು ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಯಾರೋ ನನಗೆ ಹೇಳದೆ ಸರಿಮಾಡಿ ಕಳಿಸುತ್ತಿದ್ದರು.

ಮಧ್ಯಾಹ್ನ ಮನೆಗೆ ಬಂದಾಗ ನನ್ನ ಗಂಡ ಊಟದ ಟೇಬಲ್ಲಿನ ಹತ್ತಿರ ಕುಳಿತು ಕತ್ತರಿ ಮಸೆಯುತ್ತಿದ್ದರು. ಅವರು ಹಣ್ಣಿನ ತೋಟದಲ್ಲಿ ಕೆಲಸ ಮಾಡುತ್ತಾರೆ, ಚಳಿಗಾಲದಲ್ಲಿ ಏಪ್ರಿಕಾಟ್ ಗಿಡಗಳ ಟೊಂಗೆ ಕತ್ತರಿಸುವ ಕಾಲ. ಆದದ್ದನ್ನೆಲ್ಲ ಹೇಳಿದೆ. ಅವರು ಮಸೆಯುವುದನ್ನು ನಿಲ್ಲಿಸಲಿಲ್ಲ.

"ಹಂಗಾರ ಎಲ್ಲಾ ತಗೀಬೇಕಂತಿ."

"ತಗೀಬೇಕು ರೀ. ಮರ ಕಾಣೂ ಮಟ."

"ತಗಿಯೂಕಿಂತ ಮೊದ್ಲ ಹೊಸಾ ಪದರಷ್ಟ ಬಿಡಿಸಿ ನನಗ ತೋರಸು," ಎಂದರು. "ಒಳಗ ಅಕಿ ಬೆರಳಿನ ಗುರ್ತು ಇರತಾವಲ್ಲ. ಒಮ್ಮೆ ನೋಡತೀನಿ. ಒಂದ್ ಅಚ್ಚು ತಗದ ಇಡು. ನಿಂಗ ಬರತೈತಲ್ಲ ಅದು."

ನಾನು ಉತ್ತರ ಕೊಡಲು ಬಾಯಿ ತೆರೆದೆ. ಆಗಲೇ ಗೊತ್ತಾದದ್ದು. ಗೊತ್ತಾದದ್ದು ಎಂದರೆ ಸರಿಯಲ್ಲ, ಗೊತ್ತಿದ್ದದ್ದು ಆಗ ಮುಂದೆ ಬಂತು. ರಿಲೈನ್ ಮಾಡುವಾಗ ಹಳೆಯ ಮೇಲ್ಮೈಯನ್ನು ಒರಟು ಮಾಡದಿದ್ದರೆ ಹೊಸ ಪದರ ಅಂಟುವುದಿಲ್ಲ. ನುಣುಪು ಹೋಗುವವರೆಗೆ, ಒಂದು ಮಿಲಿಮೀಟರಿನಷ್ಟು ಎಲ್ಲ ಕಡೆ ತಿಕ್ಕಬೇಕು. ಅದು ಮೊದಲ ಪಾಠ. ಹೆಬ್ಬೆರಳಿನ ಗುಳಿ, ಬೆರಳಿನ ಕಾಲುವೆಗಳ ಅಂಚು, ಕಿರುಬೆರಳಿನ ಹತ್ತಿರ ಅವಳ ಚರ್ಮದ ಗೆರೆಯೂ ಕಾಣುತ್ತಿತ್ತು, ಅದೆಲ್ಲವನ್ನೂ ಜೂನ್ ತಿಂಗಳಲ್ಲೇ ನನ್ನ ಕೈಯಿಂದ ತಿಕ್ಕಿ ಹಾಕಿದ್ದೆ. ಉಳಿಸಿಕೊಳ್ಳಬೇಕೆಂದೇ ತಿಕ್ಕಿದ್ದೆ. ಒಳಗಿದ್ದದ್ದು ಬರೀ ಒಂದು ಮುದ್ದೆ.

"ಇಲ್ಲ ರೀ," ಎಂದೆ. "ಒಳಗ ಏನಿಲ್ಲ."

"ಅಂದ್ರ?"

ಹೇಳಿದೆ. ಬರ್ ಹೇಗೆ ಹಿಡಿಯುತ್ತೇವೆ, ಎಷ್ಟು ತಿಕ್ಕುತ್ತೇವೆ ಎಲ್ಲವನ್ನೂ ಹೇಳಿದೆ, ಪರೀಕ್ಷೆಯಲ್ಲಿ ಉತ್ತರ ಹೇಳುವವಳ ಹಾಗೆ. ಅವರು ಕತ್ತರಿಯನ್ನು ಕೆಳಗಿಟ್ಟರು. ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಮತ್ತ ಆ ಹುಡುಗಿಗ್ಯಾಕ ಇಷ್ಟ ದಿನಾ ತ್ರಾಸ ಕೊಟ್ಟಿ?" ಎಂದರು. "ನಾಳೆನ ತಗಿ."

ಮರುದಿನ ಊಟದ ಹೊತ್ತಿನಲ್ಲಿ, ಕೋಚ್ ಬಿಚ್ಚಿಕೊಟ್ಟಿದ್ದ ಮರದ ಭಾಗವನ್ನು ಲ್ಯಾಬಿಗೆ ಒಯ್ದು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಧೂಳೆಳೆಯುವ ಯಂತ್ರ ಹಾಕಿ ಕುಳಿತೆ. ಅಕ್ರಿಲಿಕ್ ಬೇಗ ಬಿಸಿಯಾಗುತ್ತದೆ, ಒಂದೇ ಕಡೆ ಬರ್ ನಿಲ್ಲಿಸಬಾರದು. ಇಪ್ಪತ್ತೈದು ನಿಮಿಷದಲ್ಲಿ ಮೊದಲ ಮರ ಕಂಡಿತು, ಮೊಣಕೈ ಮಡಿಕೆಯ ಚರ್ಮದ ಹಾಗೆ ಮಾಸಿದ ಬಣ್ಣ. ನಲವತ್ತು ನಿಮಿಷದಲ್ಲಿ ಗುಲಾಬಿ ಎಲ್ಲಿಯೂ ಉಳಿದಿರಲಿಲ್ಲ. ಹಿಂಬದಿಯ ಮರವನ್ನೂ ನಾಲ್ಕು ಮಿಲಿಮೀಟರ್ ಇಳಿಸಿದೆ, ಗಿಡ್ಡ ಬೆರಳು ಟ್ರಿಗರನ್ನು ಮುಟ್ಟಲೆಂದು.

ಶನಿವಾರ ಪುಟ್ಟಿ ತೆಗೆದುಕೊಂಡು ಮೇಲೆ ಹೋದೆ. ಹುಡುಗಿ ಬಂದು ಕುರ್ಚಿಯಲ್ಲಿ ಕುಳಿತಳು.

"ಏಳು," ಎಂದೆ. "ಆ ಗುಡ್ಡದ ತನಕ ಓಡಿ ಬಾ. ಮೂರು ಸಲ. ರೇಸಿನ ಹಾಗೆ."

"ಈಗಲಾ? ಸ್ಕೀ ಹಾಕಿಕೊಂಡಾ?"

"ಎಲ್ಲ ಹಾಕಿಕೊಂಡು. ಲಗೂ."

ಟ್ರಿಗರಿನ ಮೇಲಿದ್ದ ನೀಲಿ ನೋಡಿದಾಗಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಕುಳಿತು ಉಸಿರಾಡುವ ಕೈ ಬೇರೆ, ಎದೆ ಹೊಡೆದುಕೊಳ್ಳುವಾಗ ಹಿಡಿಯುವ ಕೈ ಬೇರೆ. ಏದುಸಿರಿನಲ್ಲಿ ಬೆರಳು ಊದುತ್ತವೆ, ಅಂಗೈ ಬಿಗಿಯುತ್ತದೆ, ಹೆಬ್ಬೆರಳು ಮೇಲೆ ಸರಿಯುತ್ತದೆ. ಅಚ್ಚು ಆ ಕೈಯದಾಗಬೇಕು. ಮೂರನೆಯ ಸಲ ಅವಳು ಬಂದಾಗ ಮುಖ ಕೆಂಪಾಗಿ ಬಾಯಿಂದ ಹಬೆ ಬರುತ್ತಿತ್ತು. ಪುಟ್ಟಿ ಸುತ್ತಿದ ಹಿಡಿಯನ್ನು ಅವಳ ಕೈಗಿಟ್ಟು, ನಿಂತು ಹೊಡೆಯುವ ಹಾಗೆ ನಿಲ್ಲು ಎಂದೆ. ಅಲುಗಾಡದಿರಲೆಂದು ಅವಳ ಮಣಿಕಟ್ಟನ್ನು ಕೆಳಗಿನಿಂದ ಹಿಡಿದುಕೊಂಡೆ. ನಾಡಿ ನನ್ನ ಬೆರಳಿಗೆ ಬಡಿಯುತ್ತಿತ್ತು. ಮೊದಲು ಎಣಿಸಲಾಗದಷ್ಟು ಜೋರು, ಆಮೇಲೆ ನಿಧಾನ, ಇನ್ನೂ ನಿಧಾನ. ಅಷ್ಟು ಹೊತ್ತು ಒಬ್ಬ ಹುಡುಗಿಯ ಕೈ ಹಿಡಿದು ನಿಂತು ಬಹಳ ದಿನವಾಗಿತ್ತು.

ಮಗಳಿಗೆ ಹೀಗೆ ಮಾಡಿರಲಿಲ್ಲ. ಅವಳ ಅಚ್ಚು ತೆಗೆದದ್ದು ಬಾಳೆಹಣ್ಣು ತಿನ್ನುವ ಕೈಯದು. ಅವಳು ನಿಂತು ಹೊಡೆಯುವುದರಲ್ಲಿ ಮೂರಕ್ಕಿಂತ ಹೆಚ್ಚು ಬೀಳಿಸಿದ್ದು ನನಗೆ ನೆನಪಿಲ್ಲ. ಪ್ರತಿ ಸಲ ಅವಳು "ಐ ಪ್ಯಾನಿಕ್ಡ್, ಅವ್ವಾ" ಎನ್ನುತ್ತಿದ್ದಳು, ನಾನೂ ಹೌದೆಂದು ನಂಬಿ ಧೈರ್ಯ ತಂದುಕೋ ಎಂದು ಬುದ್ಧಿ ಹೇಳುತ್ತಿದ್ದೆ. ಮೂರು ಸಲ ಓಡಿಸಿದ್ದರೆ ಆಗುತ್ತಿತ್ತು. ಆಗ ನನಗೆ ಹೊಳೆದಿರಲಿಲ್ಲ. ಮತ್ತೆ ಕೂರಿಸಿ, ಮತ್ತೆ ಪುಟ್ಟಿ ಸುತ್ತಿ, ಹೋಗಿ ಓಡಿ ಬಾ ಎಂದು ಅವಳಿಗೊಂದು ಸಲ ಹೇಳಬೇಕೆನಿಸುತ್ತದೆ. ಈಗಲೂ, ಕೆಲಸದ ನಡುವೆ, ದಿನಕ್ಕೆ ಎಷ್ಟೋ ಸಲ.

ಪುಟ್ಟಿ ಗಟ್ಟಿಯಾದ ಮೇಲೆ ಬಿಡಿಸಿದೆ.

"ಬಣ್ಣ ಯಾವುದು ಬೇಕು?" ಎಂದು ಕೇಳಿದೆ. ಲ್ಯಾಬಿನಲ್ಲಿ ಈಗ ಮಕ್ಕಳ ಹಲ್ಲಿನ ಕ್ಲಿಪ್ಪುಗಳಿಗೆಂದು ಬಣ್ಣ ಬಣ್ಣದ ಅಕ್ರಿಲಿಕ್ ಬರುತ್ತದೆ.

"ಗುಲಾಬಿ ಬೇಡ ಅಂದರೆ ಬೇಜಾರಾಗ್ತೀರಾ?"

"ಆಗ್ತೀನಿ. ಯಾವುದು ಬೇಕು ಹೇಳು."

"ಹಸಿರು. ಮಿಂಚು ಇರುತ್ತಲ್ಲ, ಅದು."

"ಅದು ಏಳು ವರ್ಷದ ಮಕ್ಕಳು ಕೇಳೋದು."

"ನನಗೂ ಅದೇ ಬೇಕು."

ಪಾಲಿಶ್ ಮಾಡಲಿಲ್ಲ, ಬೆವರಿಗೆ ಜಾರುತ್ತದೆ. ಮರಳು ಊದಿ ಮಾಸಲು ಮಾಡಿದೆ. ಗುರುವಾರ ಕೋಚ್ ಬಂದು ತೆಗೆದುಕೊಂಡು ಹೋದರು. ಟವೆಲ್ ತರಲು ಮರೆತಿದ್ದರು, ಕಂಕುಳಲ್ಲಿಟ್ಟುಕೊಂಡು ಹೋದರು. ಹೊಸ ಹಿಡಿಗೆ ಒಗ್ಗಲು ಹುಡುಗಿಗೆ ಸಿಕ್ಕಿದ್ದು ಎರಡೇ ದಿನ.

ರೇಸ್ ನಡೆದದ್ದು ಸೆಪ್ಟೆಂಬರಿನ ಮೊದಲ ಭಾನುವಾರ. ಬಿಸಿಲಿಗೆ ಹಿಮ ಮೆತ್ತಗಾಗಿತ್ತು, ಗಾಳಿ ಬಿಟ್ಟು ಬಿಟ್ಟು ಬೀಸುತ್ತಿತ್ತು. ನಾನು ಬೇಲಿಯ ಬಳಿ ಕೋಚ್ ಪಕ್ಕದಲ್ಲಿ ನಿಂತೆ. ಮಲಗಿ ಹೊಡೆದದ್ದು ಐದಕ್ಕೆ ನಾಲ್ಕು. ಇನ್ನು ನಿಂತು ಮೂರು ಬೀಳಬೇಕು. ಅವಳು ಗುಡ್ಡದ ಹಿಂದೆ ಹೋಗಿ ಮತ್ತೆ ಕಾಣಿಸಿಕೊಳ್ಳುವವರೆಗೆ ಕೋಚ್ ದುರ್ಬೀನನ್ನು ಕಣ್ಣಿಂದ ಇಳಿಸಲಿಲ್ಲ.

ಬಂದಳು. ಕೋಲು ಬಿಟ್ಟಳು. ರೈಫಲ್ ಇಳಿಸಿ ಹೆಗಲಿಗಿಟ್ಟಳು, ತಿರುಪಿನ ಕಡೆ ಕೈ ಹೋಗಲಿಲ್ಲ. ನಾನು ಕಣ್ಣು ಕಿರಿದು ಮಾಡಲಿಲ್ಲ. ಮಾಡಿದ್ದರೂ ಪ್ರಯೋಜನವಿರಲಿಲ್ಲ, ಬಿಸಿಲಿಗೆ ಆ ಹಸಿರು ಅಷ್ಟು ದೂರದಿಂದಲೂ ಮಿಂಚುತ್ತಿತ್ತು. ಅಲ್ಲಿ ನಿಂತಿದ್ದವಳು ಗಿಡ್ಡ ಬೆರಳಿನ, ಅಗಲ ಹೆಗಲಿನ, ಬೇರೊಬ್ಬರ ಮಗಳು. ಮೊದಲ ಗುಂಡಿಗೆ ಕಪ್ಪು ವೃತ್ತ ಬೆಳ್ಳಗಾಯಿತು. ಎರಡು. ಮೂರು. ಕೋಚ್ ನನ್ನ ತೋಳು ಹಿಡಿದರು. ನಾಲ್ಕು. ಗಾಳಿ ನಿಲ್ಲಲೆಂದು ಅವಳು ಕಾದಳು, ಎರಡು ಉಸಿರು ಹೆಚ್ಚು. ಐದನೆಯದು ತಪ್ಪಿತು.

"ಕೆಳಗೆ," ಎಂದರು ಕೋಚ್ ದುರ್ಬೀನಿನೊಳಗಿಂದ. "ಎಡಕ್ಕಲ್ಲ. ಕೆಳಗೆ."

ಎಂಟು. ದಂಡದ ಸುತ್ತು ಒಂದು ಸಲ ಸುತ್ತಿ, ಗುಡ್ಡ ಹತ್ತಿ ಹೋದಳು. ಕೋಚ್ ಕಾರ್ಡಿನ ಹಿಂಬದಿಯಲ್ಲಿ ಅವಳ ಹೆಸರು ಬರೆದುಕೊಂಡರು. ನಾನು ಗುರಿಗಳ ಹಗ್ಗ ಎಳೆಯಲು ಹೋದೆ, ಹಿಂದೆ ಬರುವವರಿಗೆ ಅವು ಮತ್ತೆ ಕಪ್ಪಾಗಬೇಕಿತ್ತು.

ಎಲ್ಲ ಮುಗಿದ ಮೇಲೆ, ಗುಡಿಸುತ್ತಿದ್ದಾಗ ಅವಳು ನನ್ನನ್ನು ಹುಡುಕಿಕೊಂಡು ಬಂದಳು. ಖುಷಿಯಿಂದ ಬಂದಳೆಂದುಕೊಂಡು ಪೊರಕೆ ಗೋಡೆಗೆ ಒರಗಿಸಿ ಕೈ ಚಾಚಿದೆ. ಮುಖ ಗಂಟಿಕ್ಕಿತ್ತು. ಕೈಗವಸು ಕಿತ್ತು ಬಲಗೈಯನ್ನು ನನ್ನ ಕಣ್ಣ ಮುಂದೆ ಹಿಡಿದಳು. ಹೆಬ್ಬೆರಳಿನ ಬುಡದಲ್ಲಿ ಕೆಂಪಗೆ ಕಡಲೆಬೇಳೆಯಷ್ಟು ಗುರುತು.

"ಇಲ್ಲಿ ಚುಚ್ಚುತ್ತೆ," ಎಂದಳು. "ಮೊದಲನೇ ಗುಂಡಿಂದಲೂ ಚುಚ್ಚುತ್ತಿತ್ತು. ಕೊನೇದು ಹೋದದ್ದು ನಿಮ್ಮಿಂದ."

"ನನ್ನಿಂದಲಾ? ಗಾಳಿ ಅಲ್ಲವಾ?"

"ಗಾಳಿ ಅಲ್ಲ. ನೀವೇ. ಸರಿಯಾಗಿ ತಿಕ್ಕಿಲ್ಲ ನೀವು. ಯುರೋಪಿಗೆ ಹೋಗೋಕೆ ಮುಂಚೆ ಇದು ಸರಿ ಆಗಬೇಕು, ಆಂಟಿ, ಇಲ್ಲಾಂದ್ರೆ ನಾನು ಸುಮ್ಮನಿರಲ್ಲ."

ಏಳು ತಿಂಗಳಲ್ಲಿ ನನ್ನ ಕೆಲಸದಲ್ಲಿ ಯಾರಾದರೂ ತಪ್ಪು ಹುಡುಕಿದ್ದು ಅದೇ ಮೊದಲು. ಅವಳ ಕೈಯನ್ನು ಬೆಳಕಿಗೆ ತಿರುಗಿಸಿದೆ.

"ಒತ್ತಿ ತೋರಿಸು," ಎಂದೆ. "ಸರಿಯಾಗಿ ಎಲ್ಲಿ?"